ಹಾಡಿನ ಲೆಕ್ಕ ಬರೆದ ಮೇಷ್ಟ್ರು



ನಾವು ಬೀಸುವಾಗ ಹಾಡುತ್ತೇವೆ. ನಾಟಿ ಹಾಕುವಾಗ ಹಾಡುತ್ತೇವೆ. ತೊಟ್ಟಿಲು ತೂಗುವಾಗ ಹಾಡುತ್ತೇವೆ. ಈ ಹಾಡು ಕಟ್ಟಿದವರು ಯಾರು? ಕೇಳಿದರೆ, ಯಾರೋ ಹಿಂದಿನವರು ಅಂತೀವಿ. ಅವರ ಹೆಸರು ಯಾರೂ ಬರೆದಿಡಲಿಲ್ಲ.

ದೂರದ ಅಮೆರಿಕ ದೇಶದಲ್ಲೂ ಹೀಗೇ ಇತ್ತು. ಅಲ್ಲಿನ ಹಳ್ಳಿ ಜನರ ಹಾಡಿಗೆ 'ಕಂಟ್ರಿ ಸಂಗೀತ' ಎಂದು ಹೆಸರು. ಕಂಟ್ರಿ ಅಂದ್ರೆ ಇಲ್ಲಿ ಹಳ್ಳಿ ಸೀಮೆ ಎಂದು ಅರ್ಥ. ಒಬ್ಬ ರೈತನ ಮಗ ಓದಿ ಪ್ರೊಫೆಸರಾದರು. ಈ ಹಾಡುಗಳ ಚರಿತ್ರೆ ಬರೆದರು. ಅವರ ಹೆಸರು ಬಿಲ್ ಮಲೋನ್. ಅವರ ಕತೆಯನ್ನು ಈಗ ಓದೋಣ. ಹಾಡಿಗೂ ದುಡ್ಡಿಗೂ ಏನು ನಂಟು ಅನ್ನೋದನ್ನೂ ತಿಳಿಯೋಣ.

ಹತ್ತಿ ಹೊಲದ ಮನೆ

ಬಿಲ್ ಮಲೋನ್ ಹುಟ್ಟಿದ್ದು 1934ರಲ್ಲಿ. ಊರು ಟೆಕ್ಸಾಸ್ ರಾಜ್ಯದ ಪೂರ್ವ ಭಾಗದ ಒಂದು ಹಳ್ಳಿ. ಅವರ ತಂದೆ ಗೇಣಿಗೆ ಹೊಲ ಮಾಡುತ್ತಿದ್ದರು. ಬೆಳೆ ಹತ್ತಿ. ಹೊಲ ಬೇರೆಯವರದು, ಬೆವರು ಇವರದು.

ತಾಯಿ ಮನೆಯಲ್ಲಿ ಹಾಡುತ್ತಿದ್ದರು. ದೇವರ ಹಾಡು, ಹಳೆಯ ಕತೆಯ ಹಾಡು, ಎಲ್ಲ ಅವರಿಗೆ ಬರುತ್ತಿತ್ತು. ಮಗ ಕೇಳುತ್ತ ಬೆಳೆದ. 1939ರಲ್ಲಿ ಮನೆಗೆ ಒಂದು ರೇಡಿಯೋ ಬಂತು. ಅದು ಬ್ಯಾಟರಿಯಿಂದ ನಡೆಯುವ ರೇಡಿಯೋ. ದೂರದ ಊರುಗಳ ಹಾಡು ಆ ಬಡ ಮನೆಗೆ ಬಂದು ಸೇರಿತು. ತಾಯಿ ಹಾಡುವಂಥ ಹಾಡೇ ರೇಡಿಯೋದಲ್ಲೂ ಬರುತ್ತಿತ್ತು. ನಮ್ಮಂಥವರ ಹಾಡಿಗೂ ಬೆಲೆ ಇದೆ ಎಂದು ಹುಡುಗನಿಗೆ ಅನಿಸದೆ ಇದ್ದೀತೆ?

ಇದು ಓದುವ ವಿಷಯವೇ?

1954ರಲ್ಲಿ ಮಲೋನ್ ಆಸ್ಟಿನ್ ನಗರದ ವಿಶ್ವವಿದ್ಯಾಲಯಕ್ಕೆ ಸೇರಿದರು. ಹಗಲು ಚರಿತ್ರೆಯ ಓದು. ಬಿಡುವಾದಾಗ ಗಿಟಾರ್ ಹಿಡಿದು ಗೆಳೆಯರ ಜೊತೆ ಹಾಡು.

ಆ ಕಾಲದಲ್ಲಿ ಚರಿತ್ರೆ ಅಂದ್ರೆ ರಾಜರು, ಅಧ್ಯಕ್ಷರು, ಯುದ್ಧಗಳು. ಹತ್ತಿ ಬಿಡಿಸುವವರ ಹಾಡಿಗೆ ಚರಿತ್ರೆ ಉಂಟೇ ಎಂದು ಓದಿದವರು ಮೂಗು ಮುರಿಯುತ್ತಿದ್ದರು. ಆದರೆ ಮಲೋನ್‌ಗೆ ಕಲಿಸುವ ಪ್ರೊಫೆಸರು ಹಾಗೆ ಅನ್ನಲಿಲ್ಲ. ನ್ಯಾಶ್‌ವಿಲ್ ಎಂಬ ನಗರದಲ್ಲಿ ಹಾಡಿನ ವ್ಯಾಪಾರ ದೊಡ್ಡದಾಗಿ ನಡೆಯುತ್ತಿತ್ತು. ಅದರ ಬಗ್ಗೆ ಬರಿ ಎಂದು ಅವರು ಸೂಚಿಸಿದರು. ಮಲೋನ್ ಕೆಲಸ ಶುರು ಮಾಡಿದರು. ಅದು ಬೆಳೆಯುತ್ತ ಹೋಗಿ ಇಡೀ ಕಂಟ್ರಿ ಸಂಗೀತದ ಚರಿತ್ರೆ ಆಯಿತು.

ಹಳೆಯ ಪುಸ್ತಕಗಳಲ್ಲಿ ಇದರ ಬಗ್ಗೆ ಹೆಚ್ಚು ಸಿಗುವಂತಿರಲಿಲ್ಲ. ಹಾಡುಗಾರರನ್ನೇ ಕೇಳಬೇಕಾಗಿತ್ತು. ಹಳೆಯ ರೆಕಾರ್ಡು, ಹಳೆಯ ಪತ್ರಿಕೆ ಹುಡುಕಬೇಕಾಗಿತ್ತು. 1965ರಲ್ಲಿ ಅವರಿಗೆ ಡಾಕ್ಟರ್ ಪದವಿ ಸಿಕ್ಕಿತು. 1968ರಲ್ಲಿ 'ಕಂಟ್ರಿ ಮ್ಯೂಸಿಕ್, ಯು.ಎಸ್.ಎ.' ಎಂಬ ಪುಸ್ತಕ ಹೊರಬಂತು. ಈ ವಿಷಯ ಓದುವವರು ಇಂದಿಗೂ ಮೊದಲು ತೆರೆಯುವ ಪುಸ್ತಕ ಅದು.

ಒಂದು ಬಣ್ಣದ ಹಾಡಲ್ಲ

ಇದು ಬಿಳಿಯರ ಹಾಡು ಮಾತ್ರ ಎಂದು ಬಹಳ ಜನ ತಿಳಿದಿದ್ದರು. ಅದು ಸರಿಯಲ್ಲ ಎಂದು ಮಲೋನ್ ತೋರಿಸಿದರು. ಬ್ಯಾಂಜೋ ಎಂಬ ತಂತಿವಾದ್ಯ ಇದೆ. ಎಷ್ಟೋ ಕಂಟ್ರಿ ಹಾಡುಗಳಲ್ಲಿ ಅದನ್ನು ನುಡಿಸುತ್ತಾರೆ. ಆಫ್ರಿಕಾದಿಂದ ಗುಲಾಮರಾಗಿ ಬಂದ ಕರಿಯ ಜನ ಅದನ್ನು ಅಮೆರಿಕಕ್ಕೆ ತಂದರು. ಪಿಟೀಲು ಬಂದದ್ದು ಯುರೋಪಿನ ಜನರಿಂದ. ಎರಡೂ ಕಡೆಯ ದುಡಿಯುವ ಜನ ಒಬ್ಬರಿಂದ ಒಬ್ಬರು ಕಲಿತರು. ಹೀಗೆ ಈ ಹಾಡು ಬೆಳೆಯಿತು.

ಬ್ರಿಸ್ಟಲ್ ಊರಿನಲ್ಲಿ ನಡೆದದ್ದು

ಈಗ ದುಡ್ಡಿನ ವಿಚಾರಕ್ಕೆ ಬರೋಣ. ಕಂಟ್ರಿ ಸಂಗೀತದ ಚರಿತ್ರೆ ಹೇಳುವವರು 1927ನೇ ಇಸವಿಯನ್ನು ಮರೆಯುವುದಿಲ್ಲ. ಆ ಬೇಸಿಗೆಯಲ್ಲಿ ರಾಲ್ಫ್ ಪೀರ್ ಎಂಬುವರು ಬ್ರಿಸ್ಟಲ್ ಎಂಬ ಊರಿಗೆ ಬಂದರು. ವಿಕ್ಟರ್ ಎಂಬ ಕಂಪನಿಗೆ ರೆಕಾರ್ಡು ಮಾಡಲು ಹಾಡುಗಾರರನ್ನು ಹುಡುಕುತ್ತಿದ್ದರು.

ಬೆಟ್ಟದ ಹಳ್ಳಿಯಿಂದ ಕಾರ್ಟರ್ ಮನೆಯವರು ಕಾರಿನಲ್ಲಿ ಬಂದರು. ಎ. ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಸಾರಾಳ ಕೈಯಲ್ಲಿ ಮೊಲೆ ಕುಡಿಯುವ ಕೂಸು. ಮೇಬೆಲ್‌ಗೆ 18 ವರ್ಷ, ತುಂಬು ಬಸುರಿ. ಆಗಸ್ಟ್ 1 ಮತ್ತು 2ರಂದು ಅವರು 6 ಹಾಡು ಹಾಡಿದರು. ಮುಖ್ಯ ದನಿ ಸಾರಾಳದು. ಗಿಟಾರ್ ಮೇಬೆಲ್‌ಳದು. ಅವಳು ಗಿಟಾರ್ ನುಡಿಸಿದ ರೀತಿಯನ್ನು ಮುಂದೆ ಸಾವಿರಾರು ಜನ ಕಲಿತರು.

ಒಂದು ಹಾಡಿಗೆ 50 ಡಾಲರ್ ಸಿಕ್ಕಿತು. ಬಡ ಹಳ್ಳಿಯವರಿಗೆ ಅದು ದೊಡ್ಡ ಮೊತ್ತ. ರೆಕಾರ್ಡು ಮಾರಿದಂತೆ ಒಂದು ಸಣ್ಣ ಪಾಲು ಕೂಡ ಬರುತ್ತಿತ್ತು. ಈ ಪಾಲಿಗೆ ರಾಯಲ್ಟಿ ಎನ್ನುತ್ತಾರೆ. ಪೀರ್ ಕಂಪನಿಯಿಂದ ಸಂಬಳ ಕೇಳಲಿಲ್ಲ. ಬದಲಿಗೆ ಹಾಡುಗಳ ಹಕ್ಕನ್ನು ತಾವು ಇಟ್ಟುಕೊಂಡರು. ಸಂಬಳ ತಿಂಗಳಿಗೆ ಒಮ್ಮೆ ಬರುತ್ತದೆ, ಕೆಲಸ ಬಿಟ್ಟರೆ ನಿಲ್ಲುತ್ತದೆ. ಹಾಡಿನ ಹಕ್ಕು ಇದ್ದವರಿಗೆ ಹಾಡು ಮಾರಾಟವಾಗುವಷ್ಟು ಕಾಲ ದುಡ್ಡು ಬರುತ್ತದೆ. ಪೀರ್ ಇದನ್ನು ಚೆನ್ನಾಗಿ ಅರಿತಿದ್ದರು.

ಲೆಕ್ಕ ಮಾಡಿ ನೋಡೋಣ. ಒಂದು ರೆಕಾರ್ಡಿಗೆ ಹಕ್ಕಿನವರಿಗೆ 1 ರೂಪಾಯಿ ಎಂದು ಇಟ್ಟುಕೊಳ್ಳಿ. 1,000 ರೆಕಾರ್ಡು ಮಾರಿದರೆ 1,000 ರೂಪಾಯಿ. 1 ಲಕ್ಷ ಮಾರಿದರೆ 1 ಲಕ್ಷ ರೂಪಾಯಿ. ಹಕ್ಕನ್ನು ಮೊದಲೇ 50 ರೂಪಾಯಿಗೆ ಬರೆದುಕೊಟ್ಟವರಿಗೆ? ಆ 50 ಮಾತ್ರ.

ಹೆಸರು ಬರೆಯದ ಲೆಸ್ಲಿ ರಿಡಲ್

ಎ. ಪಿ. ಕಾರ್ಟರ್ ಊರೂರು ಸುತ್ತಿ ಹಳೆಯ ಹಾಡು ಕೂಡಿಸುತ್ತಿದ್ದರು. ಅವರ ಜೊತೆ ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರ್ ವಾದಕ ಇದ್ದ. ಅವನಿಗೆ ಒಂದು ಕಾಲು ಇರಲಿಲ್ಲ. ಕಾರ್ಟರ್ ಹಾಡಿನ ಮಾತು ಬರೆದುಕೊಳ್ಳುತ್ತಿದ್ದರು. ರಿಡಲ್ ಧಾಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಮನೆಗೆ ಬಂದು ಉಳಿದವರಿಗೆ ಕಲಿಸುತ್ತಿದ್ದ.

ಹಾಡುಗಳು ಅಚ್ಚಾದಾಗ ಬಹುಪಾಲು ಎ. ಪಿ. ಕಾರ್ಟರ್ ಹೆಸರೇ ಬಂತು. ರಿಡಲ್ ಹೆಸರು ಬರಲಿಲ್ಲ. ಹಾಡಿನ ರಾಯಲ್ಟಿಯೂ ಬರಲಿಲ್ಲ. ದನಿ ಕೊಟ್ಟ ಸಾರಾಳ ಹೆಸರು, ಗಿಟಾರ್ ನುಡಿಸಿದ ಮೇಬೆಲ್ ಹೆಸರು ಕೂಡ ಆ ಜಾಗದಲ್ಲಿ ಇರಲಿಲ್ಲ. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಹಾಡುಗಾರ ರಿಡಲ್‌ನನ್ನು ಹುಡುಕಿ ಹೋದರು. ಅವನ ಹಾಡು ರೆಕಾರ್ಡು ಮಾಡಿದರು. ಆಮೇಲೆ ಜನಕ್ಕೆ ಅವನ ಕೆಲಸ ಗೊತ್ತಾಯಿತು. ಚರಿತ್ರೆ ಬರೆಯುವವರು ಮಾಡುವ ಕೆಲಸ ಇದೇ. ಬಿಟ್ಟುಹೋದ ಹೆಸರನ್ನು ಹುಡುಕಿ ಅದರ ಜಾಗಕ್ಕೆ ತಂದು ಕೂರಿಸುತ್ತಾರೆ. ತಪ್ಪಿದ ದುಡ್ಡನ್ನು ಅವರು ತಂದುಕೊಡಲಾರರು.

ಹೇಜಲ್ ಡಿಕನ್ಸ್

ಮಲೋನ್ ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1996ರಲ್ಲಿ ನಿವೃತ್ತರಾದರು. ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. 2008ರಲ್ಲಿ ಹೇಜಲ್ ಡಿಕನ್ಸ್ ಎಂಬ ಹೆಣ್ಣುಮಗಳ ಜೊತೆ ಸೇರಿ ಒಂದು ಪುಸ್ತಕ ತಂದರು.

ಹೇಜಲ್ ಕಲ್ಲಿದ್ದಲು ಗಣಿಯ ಸೀಮೆಯವಳು. 11 ಮಕ್ಕಳ ಮನೆ. ಊರು ಬಿಟ್ಟು ಬಾಲ್ಟಿಮೋರ್ ನಗರಕ್ಕೆ ಹೋಗಿ ಕಾರ್ಖಾನೆಯಲ್ಲಿ ದುಡಿದಳು. ಗಣಿಯ ದೂಳಿನಿಂದ ಬರುವ ಶ್ವಾಸಕೋಶದ ರೋಗದ ಬಗ್ಗೆ ಹಾಡು ಕಟ್ಟಿದಳು. ಅವಳ ಅಣ್ಣನೇ ಆ ರೋಗದಿಂದ ಸತ್ತಿದ್ದ. ದುಡಿಯುವ ಹೆಂಗಸರ ಬಗ್ಗೆಯೂ ಕಟ್ಟಿದಳು. ಪುಸ್ತಕದಲ್ಲಿ ಪ್ರತಿ ಹಾಡು ಹೇಗೆ ಹುಟ್ಟಿತು ಎಂದು ಅವಳೇ ಹೇಳಿದ್ದಾಳೆ. ಹೇಜಲ್ 2011ರಲ್ಲಿ ತೀರಿಕೊಂಡಳು. ಅವಳ ಮಾತು ಉಳಿಯಿತು.

2019ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಕಂಟ್ರಿ ಸಂಗೀತದ ಮೇಲೆ 16 ಗಂಟೆಯ ದೊಡ್ಡ ಚಿತ್ರ ಬಂತು. ಅದರಲ್ಲಿ ಚರಿತ್ರೆ ವಿವರಿಸಲು ಮಲೋನ್ ಕಾಣಿಸಿಕೊಂಡರು. ಆಗ ಅವರಿಗೆ 85 ವರ್ಷ.

ಹಾಡಿನ ವ್ಯವಹಾರ ಕಲಿಸುವ ಶಾಲೆ

ಹಾಡಿನ ಹಕ್ಕು, ರಾಯಲ್ಟಿ, ಒಪ್ಪಂದದ ಕಾಗದ, ಇವನ್ನೇ ಪಾಠವಾಗಿ ಕಲಿಸುವ ಪ್ರೊಫೆಸರುಗಳೂ ಇದ್ದಾರೆ. ನ್ಯಾಶ್‌ವಿಲ್ ನಗರದ ಬೆಲ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಅಂಥ ವಿಭಾಗ ಇದೆ. ಅಲ್ಲಿ ಡಾನ್ ಕ್ಯೂಸಿಕ್ ಎಂಬುವರು ಈ ಪಾಠ ಹೇಳಿದರು. ಕಂಟ್ರಿ ಸಂಗೀತದ ಚರಿತ್ರೆಯನ್ನೂ ಬರೆದರು. ಎರಡೂ ಒಟ್ಟಿಗೆ ಹೋಗುವ ವಿದ್ಯೆಗಳೇ. ಯಾರು ಹಾಡಿದರು ಎಂದು ಕೇಳಿದ ಮೇಲೆ, ದುಡ್ಡು ಯಾರಿಗೆ ಹೋಯಿತು ಎಂದೂ ಕೇಳಬೇಕಲ್ಲ!

ನಮ್ಮ ದೇಶದಲ್ಲೂ 1957ರ ಹಕ್ಕುಸ್ವಾಮ್ಯ ಕಾಯ್ದೆ ಇದೆ. ಹಾಡು ಬರೆದವರಿಗೆ ಅದರ ಮೇಲೆ ಬದುಕಿರುವವರೆಗೆ ಹಕ್ಕು ಇರುತ್ತದೆ. ಅವರು ತೀರಿಕೊಂಡ ಮೇಲೆ 60 ವರ್ಷ ವಾರಸುದಾರರಿಗೆ ಇರುತ್ತದೆ.

ಈಗ ನಮಗೆ ಅಕ್ಷರ ಬಂದಿದೆ. ಸಹಿ ಕೇಳುವ ಕಾಗದ ಹಾಡಿನದೇ ಆಗಬೇಕಿಲ್ಲ. ಸಾಲದ್ದಿರಲಿ, ಹೊಲದ್ದಿರಲಿ, ಕೂಲಿಯದಿರಲಿ, ಪೂರ್ತಿ ಓದೋಣ. ಹೆಸರು ಯಾರದು, ಮೊತ್ತ ಎಷ್ಟು, ಎಷ್ಟು ಕಾಲಕ್ಕೆ ಎಂದು ನೋಡೋಣ. ಆಮೇಲೆ ಸಹಿ ಹಾಕೋಣ.

ಈ ಪದಗಳು ನೆನಪಿರಲಿ

ಚರಿತ್ರೆ: ಹಿಂದೆ ನಡೆದದ್ದರ ಬರಹ
ರಾಯಲ್ಟಿ: ಮಾರಾಟವಾದಂತೆ ಬರುವ ಪಾಲು
ಒಪ್ಪಂದ: ಇಬ್ಬರು ಒಪ್ಪಿ ಬರೆದುಕೊಂಡ ಮಾತು
ಹಕ್ಕುಸ್ವಾಮ್ಯ: ಹಾಡು, ಪುಸ್ತಕ ಮುಂತಾದವುಗಳ ಮೇಲಿನ ಹಕ್ಕು

ಓದಿ, ಮಾತಾಡಿ

1. ಮಲೋನ್ ಹಾಡನ್ನು ಮೊದಲು ಯಾರಿಂದ ಕೇಳಿದರು?
2. ರಾಲ್ಫ್ ಪೀರ್ ಸಂಬಳ ಬಿಟ್ಟು ಏನನ್ನು ಇಟ್ಟುಕೊಂಡರು? ಏಕೆ?
3. ಲೆಸ್ಲಿ ರಿಡಲ್ ಏನು ಕೆಲಸ ಮಾಡಿದ? ಅವನಿಗೆ ಏನು ಸಿಗಲಿಲ್ಲ?
4. ನಿಮಗೆ ಬರುವ ಒಂದು ಹಾಡನ್ನು ಬರೆಯಿರಿ. ಅದನ್ನು ಕಲಿಸಿದವರ ಹೆಸರನ್ನು ಕೆಳಗೆ ಬರೆಯಿರಿ.