ನಡೆಯಲು ಕಷ್ಟಪಡುವವರೊಡನೆ ಕಡಲತೀರದ ಪ್ರವಾಸ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವಲ್ಲ. ಮನೆಯಲ್ಲಿರುವ ಪ್ರತಿಯೊಬ್ಬರ ದೇಹಾರೋಗ್ಯವೂ ಮನಸ್ಸಿನ ನೆಮ್ಮದಿಯೂ ಅದರಲ್ಲಿ ಸೇರಿವೆ. ಬೆಳೆ ಕೈಗೆ ಬಂದು, ಮಕ್ಕಳಿಗೆ ಶಾಲೆಯ ರಜೆಯಾದಾಗ, "ಒಮ್ಮೆ ಸಮುದ್ರ ನೋಡಿ ಬರೋಣ" ಎಂಬ ಮಾತು ಅನೇಕ ಮನೆಗಳಲ್ಲಿ ಏಳುವುದುಂಟು. ಆಗ ಮಂಡಿನೋವಿನ ತಾಯಿಯನ್ನೋ, ಪಾರ್ಶ್ವವಾಯುವಿನಿಂದ ಒಂದು ಪಕ್ಕ ಸೋತ ತಂದೆಯನ್ನೋ, ಪೋಲಿಯೋದಿಂದ ಕಾಲು ಸೊರಗಿದ ಅಣ್ಣನನ್ನೋ "ಮನೆ ಕಾಯಲು ಒಬ್ಬರು ಬೇಕಲ್ಲ" ಎಂದು ಬಿಟ್ಟುಹೋಗುವ ರೂಢಿಯಿದೆ. ಅವರ ಆರೈಕೆಗಾಗಿ ಬಹುಮಟ್ಟಿಗೆ ಮನೆಯ ಸೊಸೆಯೂ ಉಳಿದುಬಿಡುತ್ತಾಳೆ. ಹೀಗೆ ಒಬ್ಬರ ಕಾಲು ಸೋತರೆ ಇಬ್ಬರು ಮನೆಯಲ್ಲಿ ಉಳಿಯುವಂತಾಗುತ್ತದೆ.

ಇದಕ್ಕೆ ಪ್ರೀತಿಯ ಕೊರತೆ ಕಾರಣವಲ್ಲ. ಕರೆದೊಯ್ಯುವ ಕ್ರಮ ತಿಳಿಯದಿರುವುದೇ ಕಾರಣ. ಆ ಕ್ರಮವನ್ನು ಈ ಪಾಠದಲ್ಲಿ ತಿಳಿಯೋಣ.

1. ಮೊದಲು ಅವರನ್ನೇ ಕೇಳಿರಿ

"ನಿಮ್ಮಿಂದ ಆಗುವುದಿಲ್ಲ" ಎಂದು ನೀವೇ ತೀರ್ಮಾನಿಸಬೇಡಿರಿ. ಎಷ್ಟು ಹೊತ್ತು ಕುಳಿತಿರಬಲ್ಲರು, ಎಷ್ಟು ಹೆಜ್ಜೆ ನಡೆಯಬಲ್ಲರು, ಎಷ್ಟು ಹೊತ್ತಿಗೊಮ್ಮೆ ಮೂತ್ರಕ್ಕೆ ಹೋಗಬೇಕು ಎಂಬುದನ್ನು ಅವರಿಂದಲೇ ಕೇಳಿ ತಿಳಿಯಿರಿ. ಇಡೀ ಪ್ರವಾಸವನ್ನು ಅವರ ನಡಿಗೆಯ ಅಳತೆಗೆ ಹೊಂದಿಸಿರಿ. ಮೂರು ದಿನಗಳಲ್ಲಿ ಆರು ಊರು ಸುತ್ತುವ ಬದಲು ಒಂದೇ ಊರಿನಲ್ಲಿ ಎರಡು ರಾತ್ರಿ ತಂಗುವುದು ಎಲ್ಲರಿಗೂ ಹಿತಕರ.

2. ವೈದ್ಯರ ಸಲಹೆ ಮತ್ತು ಔಷಧಿ

ಪಾರ್ಶ್ವವಾಯು, ಹೃದಯಾಘಾತ ಅಥವಾ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾಗಿದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಕೂಡದು. ಉಳಿದವರೂ ಹೊರಡುವ ಮೊದಲು ರಕ್ತದೊತ್ತಡ ಹಾಗೂ ಸಕ್ಕರೆಯ ಅಂಶವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಪ್ರವಾಸದ ದಿನಗಳಿಗಿಂತ ಮೂರು ದಿನ ಹೆಚ್ಚಿಗೆ ಸಾಲುವಷ್ಟು ಮಾತ್ರೆಗಳನ್ನು ಎರಡು ಚೀಲಗಳಲ್ಲಿ ಹಂಚಿ ಇಟ್ಟುಕೊಳ್ಳಿರಿ. ವೈದ್ಯರ ಚೀಟಿಯೂ ಜೊತೆಗಿರಲಿ. ಇನ್ಸುಲಿನ್ ಬಳಸುವವರು ಅದನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಡಕೂಡದು.

3. ಕಾಲ ಮತ್ತು ಸ್ಥಳದ ಆಯ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಕರಾವಳಿಯ ಸೆಕೆಯನ್ನು ವೃದ್ಧರು ತಾಳಲಾರರು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಯೋಗ್ಯವಾದುದು.

ಎಲ್ಲ ಕಡಲತೀರಗಳೂ ಸಮಾನವಲ್ಲ. ಗೋಕರ್ಣದ ಓಂ ತೀರಕ್ಕೆ ಮೆಟ್ಟಿಲಿಳಿಯಬೇಕು. ಅದರಾಚೆಯ ತೀರಗಳಿಗೆ ಗುಡ್ಡದ ಕಾಲುದಾರಿ ಇಲ್ಲವೇ ದೋಣಿಯೇ ಗತಿ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರವಾದರೋ ಹೆದ್ದಾರಿಯ ಪಕ್ಕದಲ್ಲಿ, ಊರಿಗೆ ಅಂಟಿಕೊಂಡೇ ಇದೆ. ದೊಡ್ಡ ಸರಕಾರಿ ಆಸ್ಪತ್ರೆಯೂ ಅದೇ ಊರಿನಲ್ಲಿದೆ. ಮುರುಡೇಶ್ವರದ ರಾಜಗೋಪುರದಲ್ಲಿ ಲಿಫ್ಟ್ ಇರುವುದರಿಂದ ಮೆಟ್ಟಿಲು ಹತ್ತಲಾರದವರೂ ಮೇಲಿನಿಂದ ಕಡಲನ್ನು ನೋಡಬಹುದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ವಾಹನದಿಂದ ಇಳಿಯದೆಯೇ ಎರಡನ್ನೂ ನೋಡಬಹುದು. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ 'ನೀಲಿ ಧ್ವಜ' ಮನ್ನಣೆ ದೊರೆಯಿತು. ಆ ಮನ್ನಣೆಯ ನಿಯಮಗಳಲ್ಲಿ ವಿಕಲಚೇತನರಿಗೆ ಒದಗಿಸಬೇಕಾದ ಸೌಕರ್ಯವೂ ಸೇರಿದೆ.

4. ಪ್ರಯಾಣ

2023ರ ಜೂನ್ 11ರಿಂದ ಜಾರಿಗೆ ಬಂದ 'ಶಕ್ತಿ' ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ಹೀಗೆ ಉಳಿಯುವ ಹಣವನ್ನು ನೆಲಮಾಳಿಗೆಯಲ್ಲದ, ಆದರೆ ನೆಲಮಟ್ಟದಲ್ಲಿರುವ ಒಳ್ಳೆಯ ಕೊಠಡಿಗೆ ವಿನಿಯೋಗಿಸಬಹುದು. ರೈಲಿನಲ್ಲಿ ಹೋಗುವವರಿಗೆ ಮುರುಡೇಶ್ವರ, ಕುಮಟಾ, ಕಾರವಾರ ಮುಂತಾದೆಡೆ ಕೊಂಕಣ ರೈಲ್ವೆಯ ನಿಲ್ದಾಣಗಳಿವೆ. ಜೊತೆಗಾರರಿಲ್ಲದೆ ಪ್ರಯಾಣಿಸಲಾರದ ಅಂಗವಿಕಲರಿಗೂ ಅವರ ಜೊತೆಗಾರರೊಬ್ಬರಿಗೂ ಎರಡನೆಯ ದರ್ಜೆ ಮತ್ತು ಸ್ಲೀಪರ್ ದರದಲ್ಲಿ ಶೇಕಡಾ 75ರಷ್ಟು ರಿಯಾಯಿತಿಯುಂಟು. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಮಾಡಿಸಿಕೊಳ್ಳಬೇಕು.

ಬಸ್ಸು ಹತ್ತುವಾಗ ಬಲವಾದ ಕಾಲು ಮೊದಲು, ಇಳಿಯುವಾಗ ದುರ್ಬಲ ಕಾಲು ಮೊದಲು. ಪಾರ್ಶ್ವವಾಯು ಆದವರನ್ನು ಸೋತ ಕೈ ಹಿಡಿದು ಎಳೆಯಲೇಕೂಡದು. ಭುಜದ ಕೀಲು ಜಾರುವ ಸಂಭವವಿದೆ. ಸೊಂಟಕ್ಕೆ ಗಟ್ಟಿಯಾದ ಬಟ್ಟೆ ಕಟ್ಟಿ ಅದನ್ನು ಹಿಡಿದು ಆಸರೆ ಕೊಡಿರಿ.

ದೀರ್ಘಕಾಲ ಕದಲದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗಂಟೆಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಸ್ಪರ್ಶಜ್ಞಾನವಿಲ್ಲದವರು ಅರ್ಧ ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಕುಳಿತುಕೊಳ್ಳದಿದ್ದರೆ ಒತ್ತಡದ ಹುಣ್ಣಾಗುತ್ತದೆ. ಶೌಚಾಲಯದ ತೊಂದರೆಗೆ ಅಂಜಿ ಅನೇಕರು, ಮುಖ್ಯವಾಗಿ ಹೆಂಗಸರು, ನೀರನ್ನೇ ಕುಡಿಯುವುದಿಲ್ಲ. ಇದರಿಂದ ತಲೆಸುತ್ತು ಹಾಗೂ ಮೂತ್ರದ ಸೋಂಕು ಉಂಟಾಗುತ್ತವೆ. ನೀರು ಕುಡಿಯಲಿ, ಬಸ್ಸು ಎಲ್ಲಿ ನಿಲ್ಲುವುದೆಂದು ನೀವು ಮೊದಲೇ ಕೇಳಿಟ್ಟುಕೊಳ್ಳಿರಿ.

5. ವಸತಿ

ಕೊಠಡಿ ಗೊತ್ತುಮಾಡುವಾಗ ಫೋನಿನಲ್ಲಿ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ:

ಅ) ಕೊಠಡಿ ನೆಲಮಟ್ಟದಲ್ಲಿದೆಯೇ? ಬಾಗಿಲಿಗೆ ಎಷ್ಟು ಮೆಟ್ಟಿಲು?
ಆ) ಕುಳಿತುಕೊಳ್ಳುವ ಕಮೋಡು ಇದೆಯೇ?
ಇ) ಬಚ್ಚಲಿನ ಬಾಗಿಲಿನ ಅಗಲವೆಷ್ಟು? (ಗಾಲಿಕುರ್ಚಿಯ ಅಗಲವನ್ನು ಮನೆಯಲ್ಲೇ ಅಳೆದಿರಿ.)
ಈ) ವಾಹನ ಬಾಗಿಲವರೆಗೆ ಬರುವುದೇ?

"ಎಲ್ಲ ಇದೆ, ಬನ್ನಿ" ಎಂಬ ಉತ್ತರಕ್ಕೆ ತೃಪ್ತರಾಗದೆ ಒಂದೊಂದನ್ನೇ ಕೇಳಿ ತಿಳಿಯಿರಿ. ಕಮೋಡು ಇಲ್ಲದಿದ್ದರೆ ನಡುವೆ ರಂಧ್ರವಿರುವ ಪ್ಲಾಸ್ಟಿಕ್ ಕುರ್ಚಿಯನ್ನು ಜೊತೆಗೊಯ್ಯಬಹುದು.

6. ಮರಳಿನ ಮೇಲೆ

ಒಣಮರಳಿನಲ್ಲಿ ಊರುಗೋಲೂ ಗಾಲಿಯೂ ಹೂತುಹೋಗುತ್ತವೆ. ಅಲೆ ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಆದುದರಿಂದ ಇಳಿತದ ಹೊತ್ತನ್ನು ಸ್ಥಳೀಯ ಮೀನುಗಾರರಿಂದ ಕೇಳಿ ತಿಳಿದು ಹೋಗಿರಿ. ಭರತ ಇಳಿತಗಳ ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ನೀರು ಹೆಚ್ಚು ಮೇಲೇರುತ್ತದೆ. ಗಾಲಿಕುರ್ಚಿಯನ್ನು ಒಣಮರಳಿನಲ್ಲಿ ಮುಂದಕ್ಕೆ ತಳ್ಳಿದರೆ ಮುಂದಿನ ಚಿಕ್ಕ ಗಾಲಿಗಳು ಹೂಳುತ್ತವೆ. ಹಿಂದುಮುಂದಾಗಿ ತಿರುಗಿಸಿ ಎಳೆಯಿರಿ.

ನೀರು ಪಾದಕ್ಕೆ ತಾಗುವಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಸಾಕು. ಅದಕ್ಕೂ ಮುಂದೆ ಬೇಡ. ಅಲೆ ಮರಳುವಾಗ ಕುರ್ಚಿಯ ಕಾಲಡಿಯ ಮರಳು ಕೊಚ್ಚಿಹೋಗಿ ಅದು ವಾಲುವುದರಿಂದ ಒಬ್ಬರು ಸದಾ ಹಿಡಿದು ನಿಂತಿರಬೇಕು. ಸಮುದ್ರ ಶಾಂತವಾಗಿ ಕಂಡರೂ ನಂಬಕೂಡದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಹಿರಿಯರನ್ನು ನೋಡಿಕೊಳ್ಳುವ ಭರದಲ್ಲಿ ಮಕ್ಕಳ ಮೇಲಿನ ಗಮನ ತಪ್ಪದಿರಲಿ.

ಮಧುಮೇಹಿಗಳೂ ಪಾದ ಮರಗಟ್ಟಿದವರೂ ಬರಿಗಾಲಿನಲ್ಲಿ ನಡೆಯಕೂಡದು. ಕಾದ ಮರಳು ಸುಟ್ಟರೂ ಚಿಪ್ಪು ಚುಚ್ಚಿದರೂ ಅವರಿಗೆ ಅರಿವಾಗದು. ಸಂಜೆ ಪಾದಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬೆರಳುಗಳ ಸಂದಿಯನ್ನು ಪರೀಕ್ಷಿಸಿರಿ. ಬೆಳಗಿನ 11ರಿಂದ ಮಧ್ಯಾಹ್ನ 3ರವರೆಗೆ ನೆರಳಿನಲ್ಲಿರಿ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಅಥವಾ ಎದೆನೋವು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ.

7. ಸೇವೆಯ ಹೊಣೆ ಹಂಚಿಕೊಳ್ಳಿರಿ

ಗಂಡಂದಿರಿಗೆ ಒಂದು ಮಾತು. ನಿಮ್ಮ ತಾಯಿತಂದೆಯರನ್ನು ಎಬ್ಬಿಸುವುದು, ತೊಳೆಯುವುದು, ಉಣಿಸುವುದು ವರ್ಷವಿಡೀ ಹೆಂಡತಿಯ ಪಾಲಿಗೆ ಬಿದ್ದಿರುತ್ತದೆ. ಪ್ರವಾಸದಲ್ಲಿಯೂ ಅದೇ ಆದರೆ ಆಕೆಗೆ ಊರು ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಬೆಳಗಿನ ಸರದಿ ಒಬ್ಬರದು, ಸಂಜೆಯದು ಮತ್ತೊಬ್ಬರದು ಎಂದು ಹೊರಡುವ ಮೊದಲೇ ನಿಶ್ಚಯಿಸಿರಿ. ದೊಡ್ಡ ಮಕ್ಕಳಿಗೂ ಒಂದೊಂದು ಕೆಲಸ ವಹಿಸಿರಿ. ಅಜ್ಜನ ಕುರ್ಚಿ ಹಿಡಿದ ಮೊಮ್ಮಗ ಪುಸ್ತಕದಲ್ಲಿಲ್ಲದ ಪಾಠವೊಂದನ್ನು ಕಲಿಯುತ್ತಾನೆ.

ನೆನಪಿಡಿರಿ

* ನಡೆಯಲು ಕಷ್ಟಪಡುವವರ ಶಕ್ತಿಯೇ ಪ್ರವಾಸದ ಅಳತೆಗೋಲು.
* ದೂರ ಕಡಿಮೆಯಿರಲಿ, ವಿರಾಮ ಹೆಚ್ಚಿರಲಿ.
* ಔಷಧಿ, ನೀರು, ಶೌಚ: ಈ ಮೂರರ ವ್ಯವಸ್ಥೆ ಮೊದಲು.
* ಸೇವೆ ಒಬ್ಬರದಲ್ಲ, ಮನೆಮಂದಿಯೆಲ್ಲರದು.

ಈ ದಿನ ರಾತ್ರಿ ಊಟವಾದ ಮೇಲೆ ಗಂಡಹೆಂಡಿರಿಬ್ಬರೂ ಕುಳಿತು ಆಲೋಚಿಸಿರಿ: ಕಳೆದ ಬಾರಿ ನೀವೆಲ್ಲ ಹೊರಗೆ ಹೋದಾಗ ಮನೆಯಲ್ಲಿ ಉಳಿದವರು ಯಾರು? ಈ ಬಾರಿ ಪ್ರವಾಸದ ಮಾತನ್ನು ಅವರಿಂದಲೇ ಆರಂಭಿಸಿರಿ.