ಅಡುಗೆಮನೆಯ ಕನ್ನಡ: ಹೊಸೂರು ಸೀಮೆಯ ದಿನಬಳಕೆಯ ನುಡಿ

ಭಾಷಾವಿಜ್ಞಾನದ ಪಾಠದಲ್ಲಿ ದ್ವಿಭಾಷಿಕತೆ, ಪದಸ್ವೀಕರಣ, ಅರ್ಥವ್ಯತ್ಯಾಸ ಮೊದಲಾದ ಪಾರಿಭಾಷಿಕಗಳನ್ನು ಕಲಿಯುತ್ತೇವೆ. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದಾಗ ಮಾತ್ರ ‘ಬಸ್ಸು, ರೈಲು, ಟೇಬಲ್ಲು’ಗಳಿಂದ ಆಚೆಗೆ ಹೋಗುವುದು ವಿರಳ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಅತ್ತಿಬೆಲೆಯ ಗಡಿಯನ್ನು ದಾಟಿದೊಡನೆ ಸಿಗುವ ಹೊಸೂರಿನ ಒಬ್ಬ ತರುಣನ ಅಥವಾ ತರುಣಿಯ ಊಟ, ತಿಂಡಿ, ಸಂತೆ, ಹಬ್ಬಗಳನ್ನು ಕಿವಿಗೊಟ್ಟು ಗಮನಿಸಿದರೆ ಈ ಪಾರಿಭಾಷಿಕಗಳಿಗೆಲ್ಲ ಜೀವಂತ ನಿದರ್ಶನಗಳು ದೊರೆಯುತ್ತವೆ. ಪ್ರಸ್ತುತ ಲೇಖನದ ವಸ್ತು ಅದೇ.

ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆದರೆ ಸಾಕು. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದಲೂ, ಹೊಸೂರು 1799ರಲ್ಲಿ ಟಿಪ್ಪುವಿನ ಪತನಾನಂತರವೂ ಇಂಗ್ಲಿಷರ ವಶವಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಇವೆರಡೂ ಮದ್ರಾಸಿನಲ್ಲಿಯೇ ಉಳಿದವು. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟು ಕೃಷ್ಣಗಿರಿ ಜಿಲ್ಲೆಯಾಯಿತು. ಆಡಳಿತ ಬದಲಾದರೂ ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರುಗಳ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳಾಗಿ ಉಳಿದವು.

ಊರಿನ ಹೆಸರಿನಿಂದಲೇ ಆರಂಭಿಸೋಣ. ‘ಹೊಸ ಊರು’ ಎಂಬುದು ಹಳಗನ್ನಡದಲ್ಲಿ ‘ಪೊಸ’. ತಮಿಳಿನ ‘ಪುದು’ ಅದರ ಜ್ಞಾತಿಪದ. ಪದಾದಿಯ ಪಕಾರ ಕನ್ನಡದಲ್ಲಿ ಮಾತ್ರ ಹಕಾರವಾಯಿತು. ತಮಿಳು ಫಲಕದಲ್ಲಿ ಈ ಊರು ‘ಓಸೂರ್’ ಆಗಿ ಹಕಾರವನ್ನೂ ಕಳೆದುಕೊಂಡಿದೆ. ಅದನ್ನು ಕಂಡು ನಗುವ ಮುನ್ನ ದಕ್ಷಿಣ ಕರ್ನಾಟಕದ ಎಷ್ಟೋ ಆಡುಮಾತುಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆಂಬುದನ್ನು ನೆನೆಯಬೇಕು.

ಈ ಪ-ಹ ನಿಯಮವನ್ನು ಕಲಿಯಲು ಅಡುಗೆಮನೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ತಮಿಳಿನ ಪಾಲ್, ಪಳಂ, ಪುಳಿಗಳ ಎದುರಿಗೆ ನಮ್ಮ ಹಾಲು, ಹಣ್ಣು, ಹುಳಿ. ಕೊನೆಯದರಲ್ಲಿ ಅರ್ಥವೂ ಸರಿದಿದೆ. ತಮಿಳಿನಲ್ಲಿ ‘ಪುಳಿ’ ಎಂದರೆ ಮುಖ್ಯವಾಗಿ ಹುಣಸೆ; ಕನ್ನಡದಲ್ಲಿ ‘ಹುಳಿ’ ರುಚಿಯ ಹೆಸರೂ ಹೌದು, ಬೇಳೆ ತರಕಾರಿಗಳ ಪದಾರ್ಥದ ಹೆಸರೂ ಹೌದು. ‘ಸಾರು’ ಕೂಡ ಹಾಗೆಯೇ. ತಮಿಳು ಗೆಳೆಯನಿಗೆ ಅದು ಕಬ್ಬಿನ ರಸವನ್ನು ನೆನಪಿಸಿದರೆ ಆಶ್ಚರ್ಯವಿಲ್ಲ.

ಇವೆಲ್ಲಕ್ಕಿಂತ ರುಚಿಕರವಾದ ನಿದರ್ಶನ ಅವರೆಯದು. ಚಳಿಗಾಲದಲ್ಲಿ ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ, ಬೆರಳ ನಡುವೆ ಒತ್ತಿ ಸಿಪ್ಪೆ ತೆಗೆದು ಮಾಡುವುದು ನಮ್ಮ ‘ಹಿತಕಿದ ಬೇಳೆ’. ಅದೇ ಕಾಲದಲ್ಲಿ ಕೃಷ್ಣಗಿರಿ, ಧರ್ಮಪುರಿಗಳ ತಮಿಳು ಮನೆಗಳಲ್ಲಿ ಬೇಯುವುದು ‘ಪಿದುಕ್ಕು ಪರುಪ್ಪು’. ಹಿತಕು, ಪಿದುಕ್ಕು ಎರಡೂ ಒಂದೇ ಧಾತುವಿನ ರೂಪಗಳು; ಎರಡು ಮನೆಗಳ ಬೆರಳುಗಳು ಮಾಡುವ ಕೆಲಸವೂ ಒಂದೇ. ಆದರೆ ಸಂತೆಗೆ ಹೋದರೆ ತೊಡಕು ಕಾದಿರುತ್ತದೆ. ತಮಿಳರ ‘ಅವರೈಕ್ಕಾಯ್’ ಎಂದರೆ ಸಿಪ್ಪೆಸಹಿತ ಹೆಚ್ಚಿ ಪಲ್ಯ ಮಾಡುವ ಎಳೆಯ ಕಾಯಿ, ಅಂದರೆ ನಮ್ಮ ಚಪ್ಪರದವರೆ. ನಮಗೆ ಬೇಕಾದ ಕಾಳಿಗೆ ಅವರ ಹೆಸರು ‘ಮೊಚ್ಚೈ’. ಪದ ಒಂದೇ ಆದ ಮಾತ್ರಕ್ಕೆ ಚೀಲಕ್ಕೆ ಬೀಳುವ ವಸ್ತು ಒಂದೇ ಆಗಬೇಕಿಲ್ಲ. ಅರ್ಥವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಮನಗಾಣಿಸುವ ಪಾಠವನ್ನು ನಾನರಿಯೆ.

ಇನ್ನು ರಾಗಿ. ಕನ್ನಡಿಗರ ಮುದ್ದೆ ಅಥವಾ ಹಿಟ್ಟು, ತಮಿಳರ ಕಳಿ, ತೆಲುಗರ ಸಂಗಟಿ: ಪದಾರ್ಥ ಒಂದು, ಹೆಸರು ಮೂರು. ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ರಾಗಿ ಮತ್ತು ಭತ್ತಗಳ ಕಲಹ ತಿಳಿದೇ ಇದೆ. ಆರು ತಿಂಗಳ ಸೆರೆಯ ಬಳಿಕವೂ ನರೆದಲೆಗ ಗಟ್ಟಿಯಾಗಿ ಉಳಿಯುತ್ತದೆ, ರಾಮನ ಮೆಚ್ಚುಗೆಗೆ ಪಾತ್ರವಾಗುತ್ತದೆ. ಹೊಸೂರು ಸೀಮೆಯ ತಟ್ಟೆಯಲ್ಲಿ ತೀರ್ಪು ಅಷ್ಟು ಸುಲಭವಾಗಿ ರಾಗಿಯ ಕಡೆಗೆ ಬಂದಿಲ್ಲ. ತಮಿಳುನಾಡಿನಲ್ಲಿ 2011ರ ಜೂನ್‌ನಿಂದ ಪಡಿತರದ ಅಕ್ಕಿ ಉಚಿತ. ಪಾಳಿಯ ಮೇಲೆ ದುಡಿಯುವ ಮನೆಯಲ್ಲಿ ಮುದ್ದೆ ತೊಳಸಲು ಬಿಡುವೂ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಭಾಷಾಸಂಪರ್ಕದ ಪಾಠದಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಪ್ರಸ್ತಾಪ ತಪ್ಪದೆ ಬರುತ್ತದೆ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳು ತಮ್ಮ ತಮ್ಮ ಪದಗಳನ್ನು ಉಳಿಸಿಕೊಂಡೂ ವಾಕ್ಯರಚನೆಯಲ್ಲಿ ಒಂದನ್ನೊಂದು ಹೋಲತೊಡಗಿವೆಯೆಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಹೊಸೂರಿನಲ್ಲಿ ‘ಊಟ ಆಯ್ತಾ?’, ‘ಸಾಪ್ಪಾಡು ಆಚ್ಚಾ?’, ‘ಭೋಜನಂ ಅಯಿಂದಾ?’ ಎಂಬ ಮೂರು ಪ್ರಶ್ನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದನ್ನು ಕೇಳಿ, ಇದೂ ಕುಪ್ವಾಡವೇ ಎಂದು ಬರೆಯುವ ಆತುರ ಸಲ್ಲದು. ಅಲ್ಲಿ ದ್ರಾವಿಡ ಮತ್ತು ಆರ್ಯ ಭಾಷೆಗಳು ಎದುರಾಗಿದ್ದವು. ಇಲ್ಲಿ ಮೂರೂ ದ್ರಾವಿಡ. ಹೋಲಿಕೆಯು ನೆರೆಹೊರೆಯಿಂದ ಬಂದುದೋ ತಾಯಿಬೇರಿನಿಂದ ಬಂದುದೋ ಎಂಬುದನ್ನು ಪ್ರತ್ಯೇಕವಾಗಿ ಸಾಧಿಸಬೇಕಾಗುತ್ತದೆ. ಸಂಪರ್ಕದ ಫಲವನ್ನು ನಿಚ್ಚಳವಾಗಿ ಕಾಣಬೇಕೆನ್ನುವವರು ದಖನಿ ಉರ್ದುವಿನ ‘ಬೋಲ್‌ಕೆ’ ಪ್ರಯೋಗವನ್ನು ಗಮನಿಸಬೇಕು. ಅದು ನಮ್ಮ ‘ಎಂದು’ ಮಾಡುವ ಕೆಲಸವನ್ನೇ ಮಾಡುತ್ತದೆ.

ಈಗ ಪಟ್ಟಣದ ತರುಣರ ದಿನಚರಿಗೆ ಬರೋಣ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶ, ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಕಾರ್ಖಾನೆಗಳು ಕಳೆದ ಐದು ದಶಕಗಳಲ್ಲಿ ಹೊಸೂರಿನ ಬದುಕನ್ನೇ ಬದಲಿಸಿವೆ. 2019ರಲ್ಲಿ ಅದು ಮಹಾನಗರಪಾಲಿಕೆಯೂ ಆಯಿತು. ಕನ್ನಡ ಮನೆಯ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿ. ಬೆಳಗ್ಗೆ ತಾಯಿಯೊಡನೆ ಕನ್ನಡ, ಕಾರ್ಖಾನೆಯಲ್ಲಿ ತಮಿಳು, ಹೊರರಾಜ್ಯದ ಸಹೋದ್ಯೋಗಿಯೊಡನೆ ಹಿಂದಿ, ಲಿಖಿತ ವ್ಯವಹಾರಕ್ಕೆ ಇಂಗ್ಲಿಷು. ಸಂಜೆ ಗೆಳೆಯರೊಡನೆ ಪರೋಟ, ಸಾಲ್ನಾ, ಭಾನುವಾರ ಬಿರಿಯಾನಿ. ಗೆಳೆಯನನ್ನು ಕರೆಯುವುದು ‘ಮಚ್ಚಾ’ ಎಂದು. ಸೋದರಸಂಬಂಧದ ಭಾವನನ್ನು ಸೂಚಿಸುವ ತಮಿಳಿನ ‘ಮಚ್ಚಾನ್’ ಗೆಳೆತನದ ಸಂಬೋಧನೆಯಾಗಿ ಬೆಂಗಳೂರಿನ ಕಾಲೇಜುಗಳಿಗೂ ಬಂದಿದೆ. ಅಲ್ಲಿ ನಮ್ಮದೇ ಆದ ‘ಮಗಾ’ ಅದರ ಜೊತೆಗೆ ನಡೆಯುತ್ತಿದೆ. ಫಿಶ್‌ಮನ್ ಹೇಳುವ ‘ಬಳಕೆಯ ವಲಯ’ ಎಂಬ ಪರಿಕಲ್ಪನೆಗೆ ಈ ದಿನಚರಿ ಚೊಕ್ಕವಾದ ಉದಾಹರಣೆ.

ಅದು ಚಿಂತೆಯ ಉದಾಹರಣೆಯೂ ಹೌದು. ಪರೋಟ, ಬಿರಿಯಾನಿ, ನೂಡಲ್ಸ್‌ಗಳಿಗೆ ಮೂರು ನುಡಿಗಳಲ್ಲೂ ಒಂದೇ ಹೆಸರು. ಮೂರು ಹೆಸರುಗಳಿರುವುದು ಹಳೆಯ ಅಡುಗೆಗೆ. ಅಷ್ಟೇ ಆಗಿದ್ದರೆ ಚಿಂತಿಸಬೇಕಾಗಿರಲಿಲ್ಲ, ಏಕೆಂದರೆ ‘ಮುದ್ದೆ’ ಎಂಬ ಹೆಸರು ಖಾನಾವಳಿಯ ಫಲಕದ ಮೇಲಾದರೂ ಉಳಿಯುತ್ತದೆ. ಉಳಿಯದಿರುವುದು ಮಾಡುವ ಕ್ರಿಯೆಯ ಮಾತುಗಳು: ಎಸರಿಡುವುದು, ಗಂಟು ಕಟ್ಟದಂತೆ ತೊಳಸುವುದು, ಮುದ್ದೆಕೋಲು, ಕವೆಗೋಲು. ‘ಎಸರು’ ತೆಲುಗಿನಲ್ಲಿಯೂ ಎಸರೇ; ತಮಿಳಿನಲ್ಲಿ ‘ಉಲೈ’. ಮುದ್ದೆಯನ್ನು ಕೊಂಡು ತಿನ್ನುವವನಿಗೆ ಈ ಯಾವ ಪದವೂ ಬೇಕಾಗುವುದಿಲ್ಲ. ನಾಮಪದಕ್ಕಿಂತ ಕ್ರಿಯಾಪದ ಮೊದಲು ಸಾಯುತ್ತದೆಯೆಂಬುದು ಈ ವಿಷಯದಲ್ಲಿ ನನ್ನ ಅಭಿಪ್ರಾಯ.

ಇನ್ನೊಂದು ಕಡೆ, ಅಡುಗೆಮನೆಯ ಕನ್ನಡವನ್ನು ಅತಿಯಾಗಿ ಹಾಡಿ ಹೊಗಳುವುದೂ ಸರಿಯಲ್ಲ. 2006ರ ತಮಿಳು ಕಲಿಕೆ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ ಮೇಲೆ, ಗಡಿಯ ಕನ್ನಡ ಮಕ್ಕಳು ಓದುಬರಹದ ಕನ್ನಡಕ್ಕೆ ವಿಶೇಷವಾಗಿ ಶ್ರಮಿಸಬೇಕಾಗಿದೆ. ನೆರೆರಾಜ್ಯದ ಭಾಷೆ ಕಲಿಯುವುದು ಲಾಭವೇ. ಆದರೆ ಸಂಬಳ, ರಜೆ, ಕರಾರು, ಕಾಯಿಲೆಗಳ ಬಗೆಗೆ ಬರೆಯಲು ಬಾರದ ಮಾತು ಒಲೆಯ ಮುಂದೆ ಎಷ್ಟೇ ಸೊಗಸಾಗಿದ್ದರೂ ಸೊರಗುತ್ತದೆ. ಅಂಥ ಮನೆಯಿಂದ ಬಂದ ಸಹಪಾಠಿಯ ಮಾತನ್ನು ‘ಬೆರಕೆ ಕನ್ನಡ’ವೆಂದು ತಿದ್ದಹೊರಡುವವರು ಮೊದಲು ಅವನಿಂದ ‘ಮೊಚ್ಚೈ’ ಮತ್ತು ‘ಅವರೆ’ಗಳ ಭೇದವನ್ನು ಕೇಳಿ ಬರೆದುಕೊಂಡರೆ ಇಬ್ಬರಿಗೂ ಒಳಿತು.

ಹಬ್ಬಗಳಲ್ಲಿ ಚಿತ್ರ ಸ್ವಲ್ಪ ಬೇರೆ. ಯುಗಾದಿ ಕನ್ನಡ ಮತ್ತು ತೆಲುಗು ಮನೆಗಳಲ್ಲಿ ಒಂದೇ ದಿನ. ತಮಿಳರ ಹೊಸವರ್ಷ ಏಪ್ರಿಲ್ ಮಧ್ಯದಲ್ಲಿ. ಸಂಕ್ರಾಂತಿಗೆ ಎಳ್ಳುಬೆಲ್ಲ ಒಂದು ಮನೆಯಲ್ಲಿ, ಉಕ್ಕುವ ಪೊಂಗಲ್ ಪಕ್ಕದ ಮನೆಯಲ್ಲಿ. ಚಂದ್ರಚೂಡೇಶ್ವರನ ತೇರಿಗೆ ಮಾತ್ರ ಎಲ್ಲ ಮನೆಗಳೂ ಒಟ್ಟಾಗಿ ಹೊರಡುತ್ತವೆ. ವಾರವಿಡೀ ಕನ್ನಡವಾಡದ ತರುಣರ ಬಾಯಲ್ಲಿ ಹೋಳಿಗೆಯ ಹೂರಣದ ನೆಪದಲ್ಲಾದರೂ ಅದು ಮರಳುವುದು ಇಂಥ ದಿನಗಳಲ್ಲಿ.

ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ‘ಇದಕ್ಕೆ ನೀವು ಏನನ್ನುತ್ತೀರಿ?’ ಎಂದು ಪಟ್ಟಿ ಹಿಡಿದು ಕೇಳಬಾರದು. ಹಾಗೆ ಕೇಳಿದರೆ ಹಿರಿಯರು ನಮಗೆ ತಿಳಿಯಲೆಂದು ಪುಸ್ತಕದ ಪದವನ್ನೇ ಕೊಡುತ್ತಾರೆ. ಅಜ್ಜಿ ಅವರೆ ಹಿತಕುವಾಗ ಪಕ್ಕದಲ್ಲಿ ಕುಳಿತು ತಾವೂ ಹಿತಕಬೇಕು. ಬಂದ ಮಾತನ್ನು ಬಂದ ಹಾಗೆಯೇ, ಹಕಾರ ಬಿದ್ದಿದ್ದರೆ ಬಿದ್ದ ಹಾಗೆಯೇ ಬರೆದುಕೊಂಡು, ಹೇಳಿದವರ ಊರು, ವಯಸ್ಸು, ಮನೆಮಾತು, ಅವರು ಬಲ್ಲ ಇತರ ಭಾಷೆಗಳು ಹಾಗೂ ಆ ದಿನದ ತಾರೀಖನ್ನು ಅದೇ ಹಾಳೆಯಲ್ಲಿ ನಮೂದಿಸಬೇಕು.