ಮೊದಲು ಕೊಲೆಟ್, ಆಮೇಲೆ ವ್ಯಾಟ್

ಹವ್ಯಾಸಕ್ಕೆಂದು ಮನೆಯಲ್ಲಿ ಪುಟ್ಟ ಸಿಎನ್‌ಸಿ ಮಿಷನ್ ಕಟ್ಟಲು ಹೊರಟವರು ಮೊದಲು ಕೇಳುವುದು ಸ್ಪಿಂಡಲ್ ಎಷ್ಟು ವ್ಯಾಟ್‌ನದಿರಬೇಕು ಎಂದು. 500 ಸಾಕೇ, 800 ಬೇಕೇ, ಇನ್ನಷ್ಟು ಹಣ ಕೂಡಿಸಿ 2.2 ಕಿಲೋವ್ಯಾಟ್‌ಗೇ ಹೋಗಿಬಿಡೋಣವೇ? ಈ ಕೆಲಸದ ಒಡನಾಟದಿಂದ ನನಗೆ ಖಚಿತವಾಗಿರುವ ಮಾತೆಂದರೆ, ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ತೀರ್ಮಾನವಾಗಬೇಕಾದದ್ದು ಯಾವ ದಪ್ಪದ ಶ್ಯಾಂಕಿನ ಬಿಟ್‌ಗಳನ್ನು ಬಳಸುತ್ತೇವೆ, ಅವನ್ನು ಕಚ್ಚಿ ಹಿಡಿಯುವ ಕೊಲೆಟ್ ಎಂಥದ್ದು ಎನ್ನುವುದು. ಎರಡನೆಯದು, ಮೋಟಾರು ಎಷ್ಟು ನಿಧಾನವಾಗಿ ತಿರುಗಬಲ್ಲದು ಎನ್ನುವುದು. ಇವೆರಡು ಸರಿಯಿದ್ದರೆ ಕಡಿಮೆ ವ್ಯಾಟ್‌ನ ರೌಟರಿನಲ್ಲೂ ತೇಗದ ಅಂಚು ನುಣುಪಾಗಿ ಬರುತ್ತದೆ. ತಪ್ಪಿದರೆ ಎಷ್ಟು ದೊಡ್ಡ ಸ್ಪಿಂಡಲ್ ಕೂರಿಸಿದರೂ ಬಿಟ್ ಮುರಿಯುವುದು, ಮರ ಸುಡುವುದು ತಪ್ಪುವುದಿಲ್ಲ.

ವ್ಯಾಟ್ ಯಾಕೆ ಮುಖ್ಯವಲ್ಲ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. 6 ಮಿ.ಮೀ. ಎಂಡ್ ಮಿಲ್ ಹಾಕಿ ಅಲ್ಯೂಮಿನಿಯಂ ತಗಡಿನಲ್ಲಿ ಅರ್ಧ ಮಿ.ಮೀ. ಆಳದ ಸ್ಲಾಟ್ ತೆಗೆಯುತ್ತಿದ್ದೇವೆ, ಫೀಡ್, ಅಂದರೆ ಬಿಟ್ ಮುಂದೆ ಸಾಗುವ ವೇಗ, ನಿಮಿಷಕ್ಕೆ 900 ಮಿ.ಮೀ. ಎಂದುಕೊಳ್ಳಿ. ಆಗ ಸೆಕೆಂಡಿಗೆ 45 ಘನ ಮಿ.ಮೀ. ಲೋಹ ಹೊರಬರುತ್ತದೆ. ಒಂದು ಘನ ಮಿ.ಮೀ. ಅಲ್ಯೂಮಿನಿಯಂ ಕತ್ತರಿಸಲು ಬೇಕಾದ ಶಕ್ತಿ ಸುಮಾರು 0.8 ಜೂಲ್. ಅಂದರೆ ಇಡೀ ಕೆಲಸಕ್ಕೆ 36 ವ್ಯಾಟ್! ಸಿಪ್ಪೆ ತೆಳುವಾದಷ್ಟೂ ಶಕ್ತಿಯ ಖರ್ಚು ಏರುವುದರಿಂದ ಇದನ್ನು ದುಪ್ಪಟ್ಟು ಮಾಡಿಕೊಂಡರೂ 75 ವ್ಯಾಟ್ ದಾಟುವುದಿಲ್ಲ. ಹಾಗಾದರೆ ಇನ್ನೂ ಆಳಕ್ಕೆ ಇಳಿಸಿ ಮೋಟಾರಿನ ಪೂರ್ಣ ಶಕ್ತಿ ಬಳಸಬಾರದೇಕೆ? ಇಳಿಸಬಹುದು, ಆದರೆ ಅಷ್ಟರೊಳಗೆ ಚೌಕಟ್ಟು ಬಾಗಲು ಶುರುವಾಗಿರುತ್ತದೆ. ಅಲ್ಯೂಮಿನಿಯಂ ಪ್ರೊಫೈಲ್, ಬೆಲ್ಟ್, ಸಣ್ಣ ಗಾಲಿಗಳ ಮೇಲೆ ನಿಂತ ಮಿಷನ್ ಮೋಟಾರಿಗಿಂತ ಎಷ್ಟೋ ಮೊದಲೇ ಸೋಲುತ್ತದೆ. ಬಿಟ್ ನಡುಗಿ ಕಿರುಚತೊಡಗಿತೆಂದರೆ ತಪ್ಪು ಹೆಚ್ಚಾಗಿ ಚೌಕಟ್ಟಿನದು ಅಥವಾ ಹಿಡಿತದ್ದು; ವ್ಯಾಟ್ ಸೇರಿಸಿದರೆ ಅದು ನಿಲ್ಲುವುದಿಲ್ಲ.

ಇನ್ನು ವೇಗದ ಮಾತು. ಬಿಟ್‌ನ ಒಂದೊಂದು ಅಲಗೂ ಒಂದು ಸುತ್ತಿನಲ್ಲಿ ಎಷ್ಟು ದಪ್ಪದ ಸಿಪ್ಪೆ ತೆಗೆಯುತ್ತದೆ ಎಂಬುದೇ ಇಡೀ ಕಸುಬಿನ ಜೀವ. ಫೀಡನ್ನು ಆರ್‌ಪಿಎಂನಿಂದಲೂ ಅಲಗುಗಳ ಸಂಖ್ಯೆಯಿಂದಲೂ ಭಾಗಿಸಿದರೆ ಅದು ಸಿಗುತ್ತದೆ. ನಮ್ಮ ಅಂಗಡಿಗಳಲ್ಲಿ ಬಡಗಿಗಳಿಗೆಂದು ಸಿಗುವ ಬಾಷ್ ಜಿಕೆಎಫ್ 550 ತಿರುಗುವುದು 33,000ದಲ್ಲಿ, ಮಕಿಟಾ 3709 ತಿರುಗುವುದು 30,000ದಲ್ಲಿ, ಎರಡರಲ್ಲೂ ವೇಗ ಹೊಂದಿಸಲು ಬರುವುದಿಲ್ಲ. ಕೈಯಲ್ಲಿ ಹಿಡಿದು ಲ್ಯಾಮಿನೇಟ್ ಅಂಚು ಸವರಲು ಬಹಳ ಒಳ್ಳೆಯ ಉಪಕರಣಗಳು. ಆದರೆ ನಿಮಿಷಕ್ಕೆ 1,500 ಮಿ.ಮೀ. ಓಡುವ ಸಣ್ಣ ಮಿಷನ್ನಿಗೆ ಕಟ್ಟಿ ಎರಡು ಅಲಗಿನ ಬಿಟ್ ಹಾಕಿದರೆ, 30,000 ಆರ್‌ಪಿಎಂನಲ್ಲಿ ಒಂದು ಅಲಗಿಗೆ ಬರುವುದು 0.025 ಮಿ.ಮೀ. ಅದು ಕತ್ತರಿಸುವುದಕ್ಕಿಂತ ಉಜ್ಜುವುದೇ ಹೆಚ್ಚು. ಉಜ್ಜಿದಾಗ ಹುಟ್ಟುವ ಬಿಸಿ ಸಿಪ್ಪೆಯೊಂದಿಗೆ ಹೊರಹೋಗದೆ ಬಿಟ್‌ನಲ್ಲೇ ಉಳಿಯುತ್ತದೆ. ಮರದ ಅಂಚು ಕಪ್ಪಾಗುತ್ತದೆ, ಅಕ್ರಿಲಿಕ್ ಕರಗುತ್ತದೆ, ಅಲ್ಯೂಮಿನಿಯಂ ಅಲಗಿಗೇ ಅಂಟಿ ಕೂರುತ್ತದೆ. ಅದೇ ಮಿಷನ್ನಿನಲ್ಲಿ ಅದೇ ಫೀಡಿನಲ್ಲಿ 10,000ಕ್ಕೆ ಇಳಿಸಿದರೆ 0.075, ಒಂದೇ ಅಲಗಿನ ಬಿಟ್ ಹಾಕಿದರೆ 0.15 ಮಿ.ಮೀ. ಆದ್ದರಿಂದಲೇ 10,000ದಿಂದ 30,000ದವರೆಗೆ ಹೊಂದಿಸಬಹುದಾದ ಮಕಿಟಾ ಆರ್‌ಟಿ0700ಸಿ ಥರದ ರೌಟರನ್ನು ನಾನು ಮೇಲಿಡುತ್ತೇನೆ. ಡಿವಾಲ್ಟ್ ಡಿಡಬ್ಲ್ಯೂಪಿ611 ಅಮೆರಿಕದ ಹವ್ಯಾಸಿಗಳಿಗೆ ಪ್ರಿಯವಾದರೂ ಅದು 16,000ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ನಿಜವಾದ ಕೊರತೆ.

ಫೀಡನ್ನೇ ಏರಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. 33,000ದಲ್ಲಿ ಎರಡು ಅಲಗಿನ ಬಿಟ್‌ಗೆ ಅಲಗೊಂದಕ್ಕೆ 0.1 ಮಿ.ಮೀ. ಸಿಪ್ಪೆ ಸಿಗಬೇಕಾದರೆ ನಿಮಿಷಕ್ಕೆ 6,600 ಮಿ.ಮೀ. ಓಡಬೇಕು. ಸಣ್ಣ ಮಿಷನ್ ಆ ವೇಗ ಮುಟ್ಟುವಷ್ಟರಲ್ಲಿ ತಿರುವು ಬಂದಿರುತ್ತದೆ, ಮತ್ತೆ ನಿಧಾನಿಸಬೇಕಾಗುತ್ತದೆ. ಫ್ಯಾನ್ ರೆಗ್ಯುಲೇಟರ್ ಥರದ್ದೊಂದನ್ನು ಹೊರಗೆ ಜೋಡಿಸಿ ವೇಗ ಇಳಿಸಬಹುದಲ್ಲ ಎನ್ನುವವರೂ ಇದ್ದಾರೆ. ಬ್ರಷ್ ಇರುವ ಮೋಟಾರಿನಲ್ಲಿ ವೇಗವೇನೋ ಇಳಿಯುತ್ತದೆ, ಆದರೆ ಹೊರೆ ಬಿದ್ದ ಕೂಡಲೇ ಇನ್ನಷ್ಟು ಕುಸಿಯುತ್ತದೆ, ಹೊರೆ ತಪ್ಪಿದ ಕೂಡಲೇ ಮೇಲೇರುತ್ತದೆ. ತಿರುಗುವ ವೇಗವನ್ನು ಅಳೆದು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ರೌಟರಿನೊಳಗೇ ಇರಬೇಕು.

ವಿದ್ಯುತ್ತಿನ ಆವರ್ತನ ಬದಲಿಸಿ ವೇಗ ಹೊಂದಿಸುವ ವಿಎಫ್‌ಡಿಯಿಂದ ಓಡುವ ಸ್ಪಿಂಡಲ್ಲಿಗೆ ಈ ತೊಂದರೆ ಕಡಿಮೆ. ಅಲ್ಲಿ 400 ಹರ್ಟ್ಸ್ ಕೊಟ್ಟರೆ 24,000, 200 ಕೊಟ್ಟರೆ 12,000 ಸುತ್ತು. ವೇಗ ಅರ್ಧವಾದರೆ ಶಕ್ತಿಯೂ ಅರ್ಧವಾಗುತ್ತದೆ, ಆಗ 800 ವ್ಯಾಟ್ ಕೊಂಡದ್ದು ದಂಡವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅರ್ಧವಾಗುವುದು ಶಕ್ತಿ, ತಿರುಚುಬಲ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 800 ವ್ಯಾಟ್‌ನ ಸ್ಪಿಂಡಲ್ಲಿಗೆ ಅದು ಸುಮಾರು 0.32 ನ್ಯೂಟನ್-ಮೀಟರ್. 6 ಮಿ.ಮೀ. ಬಿಟ್‌ನ ಅಂಚಿನಲ್ಲಿ ಅದು ನೂರು ನ್ಯೂಟನ್ ಮೀರುತ್ತದೆ, ಅಂದರೆ ಹತ್ತು ಕಿಲೋ ತೂಕದಷ್ಟು ಒತ್ತಡ. ಹವ್ಯಾಸದ ಮಿಷನ್ ಅಷ್ಟನ್ನು ತಾಳಿಕೊಂಡರೆ ಅದೇ ದೊಡ್ಡದು.

ಈಗ ಕೊಲೆಟ್. ಸ್ವಿಟ್ಜರ್‌ಲೆಂಡಿನ ರೆಗೋ-ಫಿಕ್ಸ್ ಕಂಪನಿ 1970ರ ದಶಕದಲ್ಲಿ ರೂಪಿಸಿದ ಇಆರ್ ಕೊಲೆಟ್ ಇಂದು ಜಗತ್ತಿನ ಎಲ್ಲ ವರ್ಕ್‌ಶಾಪ್‌ಗಳ ಸೊತ್ತು. ಇಆರ್11 ಹೆಚ್ಚೆಂದರೆ 7 ಮಿ.ಮೀ. ಶ್ಯಾಂಕ್ ಹಿಡಿಯುತ್ತದೆ, ಇಆರ್16 ಹತ್ತನ್ನು, ಇಆರ್20 ಹದಿಮೂರನ್ನು. 65 ಮಿ.ಮೀ. ವ್ಯಾಸದ 800 ವ್ಯಾಟ್ ಸ್ಪಿಂಡಲ್‌ಗಳು ಸಾಮಾನ್ಯವಾಗಿ ಇಆರ್11ರಲ್ಲಿ ಬರುತ್ತವೆ, 8 ಮಿ.ಮೀ. ಶ್ಯಾಂಕಿನ ಮರದ ಬಿಟ್ ಅದರಲ್ಲಿ ಕೂರುವುದೇ ಇಲ್ಲ. ಕೊಂಡ ಮೇಲೆ ಇದು ಗೊತ್ತಾದರೆ ದಾರಿಯಿಲ್ಲ. ಶ್ಯಾಂಕಿನ ದಪ್ಪ ಯಾಕಿಷ್ಟು ದೊಡ್ಡ ಸಂಗತಿ ಎಂದರೆ, ಬಿಟ್‌ನ ಬಾಗದೆ ನಿಲ್ಲುವ ಗಟ್ಟಿತನ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. ಅಷ್ಟೇ ಉದ್ದ ಹೊರಚಾಚಿದ್ದರೆ 3.175 ಮಿ.ಮೀ. ಕಡ್ಡಿಗಿಂತ 6 ಮಿ.ಮೀ. ಕಡ್ಡಿ ಹನ್ನೆರಡು ಪಟ್ಟಿಗೂ ಮಿಗಿಲು ಗಟ್ಟಿ. ಮೋಟಾರಿಗೆ ಸುರಿಯುವ ಯಾವ ಹಣವೂ ಇಷ್ಟು ಲಾಭ ತಂದುಕೊಡುವುದಿಲ್ಲ. ಕಾಲಿಂಚು, ಅಂದರೆ 6.35 ಮಿ.ಮೀ., ಇನ್ನೂ ಗಟ್ಟಿಯಲ್ಲವೇ? ಹೌದು, ಶೇ. 25ರಷ್ಟು. ಆದರೂ ನನ್ನ ಒಲವು 6ರ ಕಡೆಗೆ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಟೂಲ್ ಅಂಗಡಿಗಳು ನಡೆಯುವುದು ವಿಎಂಸಿ ಶಾಪ್‌ಗಳ ಗಿರಾಕಿಯಿಂದ. ಅಲ್ಲಿ ಕಾರ್ಬೈಡ್ ಎಂಡ್ ಮಿಲ್‌ಗಳು ಮಿಲಿಮೀಟರ್ ಲೆಕ್ಕದಲ್ಲೇ ಇರುತ್ತವೆ. ಸಾಮಾನ್ಯ ಕೆಲಸಕ್ಕೆ 6, ಪಿಸಿಬಿ ಮತ್ತು ನವುರು ಕೆತ್ತನೆಗೆ 3.175 ಎಂದು ಎರಡೇ ಅಳತೆಗೆ ಕಟ್ಟುಬಿದ್ದರೆ, ಅವೆರಡಕ್ಕೂ ಅತ್ಯುತ್ತಮ ಕೊಲೆಟ್ ಕೊಳ್ಳುವಷ್ಟು ಹಣ ಉಳಿಯುತ್ತದೆ. ಒಂದು ಎಚ್ಚರಿಕೆ: ರೌಟರಿನ 6.35ರ ಕೊಲೆಟ್‌ನಲ್ಲಿ 6ರ ಶ್ಯಾಂಕನ್ನು ಬಿಗಿದು ಕೂರಿಸಲು ಹೋಗಬೇಡಿ. ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಸುತ್ತುವ ಕಾರ್ಬೈಡ್ ಕಳಚಿ ಬಂದರೆ ಎದುರಿಗಿರುವುದು ನಿಮ್ಮ ಮುಖ.

ಅಗ್ಗದ ಕೊಲೆಟ್‌ನ ಬೆಲೆ ತಿಳಿಯುವುದು ರನೌಟ್‌ನಲ್ಲಿ, ಅಂದರೆ ಬಿಟ್ ನಡು ತಪ್ಪಿ ಓರೆಯಾಗಿ ತಿರುಗುವುದರಲ್ಲಿ. ಬಿಟ್‌ನ ತುದಿಯ ಬಳಿ ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿದಾಗ ಮುಳ್ಳು 0.05 ಮಿ.ಮೀ. ಅಲ್ಲಾಡಿತು, ಅಲಗಿಗೆ ಸಿಪ್ಪೆಯ ದಪ್ಪವೂ 0.05 ಎಂದುಕೊಳ್ಳಿ. ಕೆಟ್ಟ ಪಕ್ಷದಲ್ಲಿ ಎರಡು ಅಲಗಿನ ಬಿಟ್‌ನ ಒಂದು ಅಲಗು ಇಡೀ ಕೆಲಸ ಹೊರುತ್ತದೆ, ಇನ್ನೊಂದು ಸುಮ್ಮನೆ ತಿರುಗುತ್ತದೆ. 3018 ಮಾದರಿಯ ಪುಟ್ಟ ಮಿಷನ್‌ಗಳಲ್ಲಿ 775 ಮೋಟಾರಿನ ದಂಡಕ್ಕೆ ಇಆರ್11 ತುಂಡನ್ನು ಹೊರಗಿಂದ ಸಿಕ್ಕಿಸಿರುತ್ತಾರೆ. ಅಲ್ಲಿ ಎಷ್ಟು ಒಳ್ಳೆಯ ಕೊಲೆಟ್ ಹಾಕಿದರೂ ಆ ಜೋಡಣೆಯ ಓರೆ ಉಳಿದೇ ಇರುತ್ತದೆ. ಸ್ಲೀವ್ ಹಾಕಿ ಸಣ್ಣ ಶ್ಯಾಂಕ್ ಕೂರಿಸುವ ರೌಟರುಗಳಲ್ಲೂ ಇದೇ ಕಥೆ. ರೌಟರಿನಿಂದ ಸ್ಪಿಂಡಲ್ಲಿಗೆ ಏರಲು ನಾನು ಒಪ್ಪುವ ಬಲವಾದ ಕಾರಣ ಇದು: ನೆಟ್ಟಗೆ ತಿರುಗುವ ಇಆರ್ ಮೂತಿ. ಸದ್ದು ತಗ್ಗುವುದೂ ಸಣ್ಣ ಲಾಭವಲ್ಲ, ಅಪಾರ್ಟ್‌ಮೆಂಟಿನಲ್ಲಿ ಇರುವವರಿಗಂತೂ.

ಎರಡೆರಡು ಸಲ ಕೊಳ್ಳುವ ಬದಲು ಮೊದಲೇ 2.2 ಕಿಲೋವ್ಯಾಟ್ ಕೊಂಡರೆ ಜಾಣತನವಲ್ಲವೇ ಎಂಬ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಉಕ್ಕಿನ ಚೌಕಟ್ಟು, ಬಾಲ್ ಸ್ಕ್ರೂ, 8 ಅಥವಾ 12 ಮಿ.ಮೀ. ಬಿಟ್‌ಗಳ ಯೋಜನೆ ಇದ್ದರೆ ಖಂಡಿತ ಕೊಳ್ಳಿ, ಅದರ ಇಆರ್20 ಆಗ ಸಾರ್ಥಕ. ಉಳಿದವರಿಗೆ ಅದರ ತೂಕವೇ ಝಡ್ ಅಕ್ಷಕ್ಕೆ ಭಾರ. ವಿಎಫ್‌ಡಿಯಿಂದ ಸೋರುವ ಅಲ್ಪ ವಿದ್ಯುತ್ತಿಗೆ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುವುದುಂಟು. ಅದಕ್ಕಿಂತ ಮುಖ್ಯವಾಗಿ, 400 ಹರ್ಟ್ಸ್‌ನ ಸ್ಪಿಂಡಲ್ಲಿಗೆ ವಿಎಫ್‌ಡಿಯ ಮೂಲ ಆವರ್ತನ 50 ಎಂದೇ ಉಳಿದುಬಿಟ್ಟರೆ, 50 ಹರ್ಟ್ಸ್‌ನಲ್ಲೇ ಪೂರ್ಣ ವೋಲ್ಟೇಜ್ ನುಗ್ಗಿ ಸುರುಳಿ ಸುಟ್ಟುಹೋಗುತ್ತದೆ. ಸ್ಪಿಂಡಲ್ಲಿನ ಮೈಗೆ ಅರ್ಥಿಂಗ್ ನಿಜವಾಗಿ ತಲುಪಿದೆಯೇ ಎಂದು ಮೀಟರ್ ಹಿಡಿದು ನೋಡಿ. ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಯಾವುದನ್ನೇ ಕೊಂಡರೂ ಇಆರ್ ಕೊಲೆಟನ್ನು ಮೊದಲು ನಟ್‌ನೊಳಗೆ ಕ್ಲಿಕ್ ಎನ್ನುವಂತೆ ಕೂರಿಸಿ, ಆಮೇಲೆ ಸ್ಪಿಂಡಲ್ಲಿಗೆ ತಿರುಗಿಸಿ. ಬಿಟ್ ಇಲ್ಲದೆ ಎಂದೂ ಬಿಗಿಯಬೇಡಿ. ಬಿಟ್ ಬದಲಿಸುವಾಗಲೆಲ್ಲ ಸೀಳುಗಳಲ್ಲಿ ಕೂತ ಎಂಡಿಎಫ್ ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ಕರಾವಳಿಯವರು ತೆಳುವಾಗಿ ಎಣ್ಣೆ ಸವರಿ ಎತ್ತಿಡಿ, ಬಳಸುವ ಮುನ್ನ ಒರೆಸಿ. ಕೊಲೆಟ್ ಕೂಡ ಬಿಟ್‌ನಂತೆಯೇ ಸವೆಯುವ ವಸ್ತು. ಶ್ಯಾಂಕಿನ ಮೇಲೆ ಗೀರು ಅಥವಾ ಸುಟ್ಟ ಕಂದು ಪಟ್ಟಿ ಕಂಡರೆ ಅದರ ಆಯುಷ್ಯ ಮುಗಿದಿದೆ, ಹೊಸದನ್ನು ತನ್ನಿ.